ಮಚ್ಚು ಹುಡುಕಿದ ಬೇಸಿಗೆ

ತಂಗಿಯ ಮಗ ರಜೆಯಲ್ಲಿ ಯಾವುದೋ ದೂರದ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದಿದ್ದಾನೆ. ಹೋದ ಭಾನುವಾರ ದಟ್ಟಗಳ್ಳಿಯ ನಮ್ಮ ಮನೆಗೆ ಬಂದವನು ಊಟ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ತೆರೆದು ಫೋಟೋ ತೋರಿಸಲು ಕೂತ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು ಮುಳುಗಿದ ಹಡಗಂತೆ. ಅದರ ತೂತುಗಳ ತುಂಬ ಹಳದಿ ನೀಲಿ ಮೀನುಗಳು, ಫಿರಂಗಿಯ ಬಾಯಲ್ಲಿ ಹವಳ. "ಎಷ್ಟು ಪ್ರಶಾಂತವಾಗಿತ್ತು ಗೊತ್ತಾ ಮಾವ" ಎಂದ. ಆ ಹಡಗಿನಲ್ಲಿ ಸತ್ತವರು ಯಾರು ಎಂದು ಕೇಳಿದೆ. ಗೈಡು ಅದನ್ನೆಲ್ಲ ಹೇಳಲಿಲ್ಲವಂತೆ. ನನಗೆ ಮೈ ಉರಿಯಿತು.

ಅವನು ಚೀಲದಿಂದ ಹೊಸ ಮಾಸ್ಕ್ ತೆಗೆದು "ಹಾಕ್ಕೊಂಡ್ ನೋಡಿ ಮಾವ, ನೀವೂ ನೇವೀಲಿ ಇದ್ದವರಲ್ವಾ" ಎಂದು ಕೈಗಿತ್ತ. ಮುಖಕ್ಕೆ ಹಿಡಿದ ಕೂಡಲೇ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಕಿತ್ತು ಟೀಪಾಯಿಯ ಮೇಲೆ ಕುಕ್ಕಿದೆ. ಹುಡುಗ ಬೆಚ್ಚಿದ. ಅಡುಗೆಮನೆಯಿಂದ ನನ್ನ ಹೆಂಡತಿ "ಇವರ ಹತ್ರ ನೀರಿನ ಮಾತು ಎತ್ತಬೇಡ ಕಣೋ" ಎಂದು ಕೂಗಿದಳು. ಅವಳಿಗೆ ಗೊತ್ತು. ಯುದ್ಧ ನಡೆದ ದ್ವೀಪದ ಸುತ್ತ ಸಿಲಿಂಡರ್ ಹೊತ್ತು ಮುಳುಗಿದವನು ನಾನೂ ಹೌದು. ಆ ದ್ವೀಪ ಮೈಸೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಾವೇರಿ ಎರಡಾಗಿ ಸೀಳಿ ಸುತ್ತುವರಿದಿರುವ ಶ್ರೀರಂಗಪಟ್ಟಣ. ಅಲ್ಲಿ ಹವಳವೂ ಇಲ್ಲ, ಬಣ್ಣದ ಮೀನೂ ಇಲ್ಲ, ಪ್ರಶಾಂತಿಯಂತೂ ಇರಲೇ ಇಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನೌಕಾಪಡೆಯಲ್ಲಿ ಡೈವರ್ ಆಗಿದ್ದವನು ಅವಧಿ ಮುಗಿಸಿ ಊರಿಗೆ ಬಂದಿದ್ದೆ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬಾಡಿಗೆ ಮನೆ, ಅಲ್ಲೇ ಹತ್ತಿರದ ಹೆಬ್ಬಾಳದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಅಣೆಕಟ್ಟಿನ ಗೇಟು ರಿಪೇರಿ ಮಾಡಿಸುವ ಕಂಟ್ರಾಕ್ಟರೊಬ್ಬ ವಾರದ ರಜೆಯಲ್ಲಿ ನನ್ನನ್ನು ನೀರಿಗಿಳಿಸುತ್ತಿದ್ದ. ಸಿಲಿಂಡರು, ಗಾಳಿ ತುಂಬುವ ಕಂಪ್ರೆಸರು ಎಲ್ಲ ಅವನವೇ. ಊರಿನಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ ಎಂದು ಪೊಲೀಸರಿಗೆ ಯಾರೋ ಹೇಳಿರಬೇಕು. ಶಿವರಾತ್ರಿ ಕಳೆದ ವಾರ ಪೊಲೀಸ್ ಇನ್ಸ್‌ಪೆಕ್ಟರು ಜೀಪು ತಂದು ನಮ್ಮ ಮನೆಯೆದುರು ನಿಲ್ಲಿಸಿದರು. ಓಣಿಯ ಜನವೆಲ್ಲ ನಾನೇನು ಮಾಡಿದೆನೋ ಎಂದು ಬಾಗಿಲಿಗೆ ಬಂದು ನಿಂತರು.

"ರುದ್ರೇಶ್ ಅವ್ರೇ, ನದೀಲಿ ಒಂದು ಮಚ್ಚು ಹುಡುಕಿಕೊಡ್ಬೇಕು" ಎಂದರು ಇನ್ಸ್‌ಪೆಕ್ಟರು.

ಕೊಲೆಯ ಸುದ್ದಿ ನನಗೆ ಗೊತ್ತಿತ್ತು. ಮೈಸೂರಿಗೆಲ್ಲ ಗೊತ್ತಿತ್ತು. ಮಾದೇವಮ್ಮ ಎಂಬ ಹೆಂಗಸು ನಮ್ಮ ಬಡಾವಣೆಯ ಆಚೆಯ ವೃತ್ತದಲ್ಲಿ ತಳ್ಳುಗಾಡಿಯಲ್ಲಿ ಎಳನೀರು ಮಾರುತ್ತಿದ್ದಳು. ಗಂಡ ಸತ್ತ ಮೇಲೆ ಆ ಗಾಡಿಯಿಂದಲೇ ಎರಡು ಗಂಡುಮಕ್ಕಳನ್ನು ಸಾಕಿದವಳು. ದೊಡ್ಡವನು ನಂಜುಂಡ, ಚಿಕ್ಕವನು ಮಹೇಶ. ಅವತ್ತು ಮಧ್ಯಾಹ್ನ ಅವಳು ಕೊಡ ಹಿಡಿದು ನಲ್ಲಿಗೆ ಹೋಗಿದ್ದಳು. ಮಹೇಶ ಕುಡಿದು ಬಂದು ಗಿರಾಕಿಗಳ ಮುಂದೆ ಏನೋ ಒದರಿದ. ನಂಜುಂಡ ಕಾಲಿನ ಚಪ್ಪಲಿ ತೆಗೆದು ತಮ್ಮನ ಮುಖಕ್ಕೆ ಬಾರಿಸಿದ. ಮಹೇಶ ಎಳನೀರಿನ ರಾಶಿಯ ಮೇಲಿದ್ದ ಮಚ್ಚೆತ್ತಿ ಅಣ್ಣನ ಕತ್ತಿಗೆ ಹಾಕಿದ. ಒಂದಲ್ಲ, ಬಿದ್ದ ಮೇಲೂ ಹಾಕಿದ. ಸುತ್ತಲ ಅಂಗಡಿಗಳ ಷಟರುಗಳು ದಡದಡ ಇಳಿದವು. ತಾಯಿ ಕೊಡ ಹೊತ್ತು ಬರುವಷ್ಟರಲ್ಲಿ ರಸ್ತೆಯಲ್ಲಿ ಎಳನೀರು ಯಾವುದು, ರಕ್ತ ಯಾವುದು ಎಂದು ತಿಳಿಯುವಂತಿರಲಿಲ್ಲವಂತೆ.

ಮಹೇಶ ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಶ್ರೀರಂಗಪಟ್ಟಣದಲ್ಲಿ ಇಳಿದು ಅದನ್ನು ನದಿಗೆಸೆದ. ಸಿಕ್ಕಿಬಿದ್ದ ಮೇಲೆ ಪೊಲೀಸರ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಆದರೆ ಪೊಲೀಸರ ಮುಂದೆ ಒಪ್ಪಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕಂಡವರೆಲ್ಲ ಕಂಡಿಲ್ಲವೆಂದರು. ತಾಯಿಯೂ ನೋಡಲಿಲ್ಲವೆಂದಳು, ಅವಳ ಮಟ್ಟಿಗೆ ಅದು ನಿಜವೇ.

"ಮಚ್ಚು ಸಿಗ್ಬೇಕು. ಸಿಕ್ಕಿದ್ದು ತನ್ನದೇ ಅಂತ ಆ ತಾಯಿ ಪಂಚರ ಮುಂದೆ ಹೇಳ್ಬೇಕು. ಸತ್ತವನ ಹೆಂಡ್ತಿ ಹೇಳಿದ್ರೆ ದ್ವೇಷಕ್ಕೆ ಹೇಳ್ತಾಳೆ ಅಂತ ಲಾಯರು ಹರಿದು ಹಾಕ್ತಾನೆ. ತಾಯಿ ಹೇಳಿದ್ರೆ ಹಂಗನ್ನೋಕಾಗಲ್ಲ" ಎಂದು ಇನ್ಸ್‌ಪೆಕ್ಟರು ವಿವರಿಸಿದರು. ಮೊದಲು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಎಳೆದಾಡಿದ್ದರಂತೆ. ಸೈಕಲ್ ರಿಮ್ಮು, ದೋಸೆ ಕಾವಲಿ, ಯಾರದೋ ಮನೆಯ ಗೇಟಿನ ಅರ್ಧ ಸಿಕ್ಕಿತಂತೆ.

ನಾನು ಒಪ್ಪಿದೆ. ಅಣ್ಣನನ್ನು ಕಡಿದವನು ಹೊರಗೆ ಓಡಾಡಬಾರದು ಎಂಬುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಮೊದಲ ದಿನ ಮಹೇಶನನ್ನು ಕೈಕೋಳ ಹಾಕಿ ಹಳೆಯ ಕಲ್ಲಿನ ಸೇತುವೆಗೆ ಕರೆತಂದರು. ಇಲ್ಲೇ ಎಸೆದೆ ಎಂದ. ಕಾಲೇಜಿಗೆ ಹೋಗುವ ವಯಸ್ಸಿನವನಂತೆ ಕಾಣುತ್ತಿದ್ದ, ಎಳೆ ಮೀಸೆ. ನಾನು ಸೂಟಿನೊಳಗೆ ತೂರಿ, ಸೊಂಟಕ್ಕೆ ಸೀಸದ ತೂಕ ಕಟ್ಟಿ, ಬೆನ್ನಿಗೆ ಸಿಲಿಂಡರ್ ಏರಿಸಿ ಇಳಿದೆ. ಸಿದ್ದಯ್ಯನೆಂಬ ಮೀನುಗಾರ ಹರಿಗೋಲಿನಲ್ಲಿ ಕೂತು ನನ್ನ ಹಗ್ಗ ಹಿಡಿದಿದ್ದ.

ಸಮುದ್ರದಲ್ಲಿ ಮುಳುಗಿದವನಿಗೆ ನದಿ ಏನು ಮಹಾ ಎಂದುಕೊಂಡಿದ್ದೆ. ನದಿ ಕಪಾಳಕ್ಕೆ ಹೊಡೆಯಿತು. ಮೇಲೆ ತಿಳಿಯಾಗಿ ಕಾಣುವ ಮಡು ಒಂದಾಳು ಇಳಿದರೆ ಕೆಸರು, ಎರಡಾಳು ಇಳಿದರೆ ಕತ್ತಲು. ಮಾಸ್ಕಿನ ಮುಂದೆ ಹಿಡಿದ ಸ್ವಂತ ಕೈ ಕಾಣುವುದಿಲ್ಲ. ತಳದಲ್ಲಿ ಕಲ್ಲು ಇಟ್ಟು, ಅದಕ್ಕೆ ಹಗ್ಗ ಬಿಗಿದು, ಹಗ್ಗದ ತುದಿ ಹಿಡಿದು ಸುತ್ತುತ್ತಾ ಅಂಗೈಯಲ್ಲಿ ನೆಲ ಸವರಬೇಕು. ಸುತ್ತು ಮುಗಿದರೆ ಹಗ್ಗ ಸ್ವಲ್ಪ ಉದ್ದ ಬಿಟ್ಟು ಮತ್ತೆ ಸುತ್ತಬೇಕು. ಒಡೆದ ಬಾಟಲಿ ಬೆರಳು ಸೀಳಿತು. ಹರಿದ ಬಲೆ ಕತ್ತಿಗೆ ಸುತ್ತಿಕೊಂಡು ಬಾಯಿಯಿಂದ ಗಾಳಿಯ ಕೊಳವೆಯನ್ನೇ ಕಿತ್ತಿತು. ಚಾಕುವಿನಿಂದ ಕುಯ್ದುಕೊಂಡು ಮೇಲೆ ಬಂದಾಗ ನೀರು ಕುಡಿದು ಹೊಟ್ಟೆ ಉಬ್ಬಿತ್ತು. ದಡದಲ್ಲಿ ಕಕ್ಕಿದೆ. ಮಚ್ಚು ಸಿಗಲಿಲ್ಲ.

ಇನ್ಸ್‌ಪೆಕ್ಟರು ಮಹೇಶನನ್ನು ಸೇತುವೆಯ ಕಂಬಕ್ಕೊರಗಿಸಿ ಲಾಠಿಯಿಂದ ಮೀನಖಂಡಕ್ಕೆ ಬಾರಿಸಿದರು. ಕಲ್ಲಿನ ಮೇಲೆ ಬಟ್ಟೆ ಒಗೆದ ಹಾಗೆ ಸದ್ದು. ಅವನು ಸ್ವಾಮಿ ಸ್ವಾಮಿ ಎಂದು ಅರಚುತ್ತಾ ಬೇರೆ ಕಡೆ ಎಸೆದೆನೆಂದ. ಮುಂದಿನ ಸಲ ಕೋರ್ಟಿನ ಅಪ್ಪಣೆ ಪಡೆದು ಕರೆತಂದಾಗ ಆ ಬೇರೆ ಕಡೆ ತೋರಿಸಿದ. ಅಲ್ಲೂ ಇರಲಿಲ್ಲ. ಮತ್ತೆ ಹೊಡೆತ, ಮತ್ತೆ ಹೊಸ ಜಾಗ. ಹೀಗೆ ಆ ಬೇಸಿಗೆಯಲ್ಲಿ ನಾನು ದ್ವೀಪದ ಸುತ್ತ ಮುಳುಗಿದೆ. ಹುಡುಗ ಹೊಡೆತ ತಿನ್ನುತ್ತಾ ದಿನ ತಳ್ಳುತ್ತಿದ್ದಾನೆಂದು ನನಗೆ ಬೇಗ ಅರ್ಥವಾಯಿತು. ಕೊಡಗಿನಲ್ಲಿ ಮಳೆ ಹಿಡಿದು, ಮೇಲಿನ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಹುಡುಕಾಟ ಮುಗಿಯಿತು. ತಳದ ಕಬ್ಬಿಣ ಎಲ್ಲಿಗೆ ಹೋಗಿ ಹೂತುಕೊಳ್ಳುವುದೋ ಯಾರಿಗೂ ಗೊತ್ತಾಗುವುದಿಲ್ಲ.

ಕಬ್ಬಿಣಕ್ಕೇನೂ ಆ ನದಿಯಲ್ಲಿ ಬರವಿರಲಿಲ್ಲ. ಕುಡುಗೋಲು, ಗುದ್ದಲಿ, ಎರಡು ಬೇರೆ ಮಚ್ಚುಗಳೂ ಸಿಕ್ಕವು. ಕೋಟೆಯ ಗೋಡೆ ನೀರಿಗೆ ಇಳಿದಿರುವ ಕಡೆ ಕಲ್ಲಿನ ಸಂದಿಯಲ್ಲಿ ದುಂಡನೆಯದೊಂದು ಕೈಗೆ ತಗುಲಿತು. ಎರಡು ಕೈಯಲ್ಲೂ ಎತ್ತಲಾಗದಷ್ಟು ಭಾರ. ಫಿರಂಗಿಯ ಗುಂಡು. ಇಂಥದೇ ಬೇಸಿಗೆಯಲ್ಲಿ, ನೀರು ಇಳಿದಿದ್ದಾಗ, ಇಂಗ್ಲಿಷರ ಸೈನ್ಯ ಈ ಬಂಡೆಗಳ ಮೇಲೆ ನಡೆದು ಬಂದು ಒಡೆದ ಗೋಡೆಯೊಳಗೆ ನುಗ್ಗಿತ್ತು. ಶಾಲೆಯಲ್ಲಿ ಓದುವಾಗ ಅದು ಪರೀಕ್ಷೆಯ ಪ್ರಶ್ನೆಯಾಗಿತ್ತು. ಕತ್ತಲಲ್ಲಿ ಆ ಗುಂಡನ್ನು ತಬ್ಬಿ ಕೂತಾಗ ಬೇರೆ ಥರ ಕಂಡಿತು. ಇದು ಯಾರದೋ ಹೊಟ್ಟೆ ಸೀಳಿ ಬಂದದ್ದಿರಬಹುದು. ನಾನು ಸವರುವ ಕೆಸರಿನಲ್ಲಿ ಎಷ್ಟು ಜನರ ಮೂಳೆ ಕರಗಿದೆಯೋ. ಅವರಿಗಾಗಿ ದಡದಲ್ಲಿ ಯಾವ ತಾಯಿಯೂ ಕೂತಿರಲಿಲ್ಲ.

ನನ್ನ ದಡದಲ್ಲಿ ಕೂತಿದ್ದಳು. ಗುರುತು ಹಿಡಿಯಬೇಕಾದವಳೆಂದು ಪೊಲೀಸರೇ ಮಾದೇವಮ್ಮನನ್ನು ಕರೆತರುತ್ತಿದ್ದರು. ಒಣಗಿದ ಮೈ, ಎಳನೀರು ಕೊಚ್ಚಿ ಕೊಚ್ಚಿ ಗಂಟುಗಟ್ಟಿದ ಬಲಗೈ. ಸ್ವಲ್ಪ ದೂರದ ಇನ್ನೊಂದು ಕಲ್ಲಿನ ಮೇಲೆ ಸೊಸೆ ಜಯಂತಿ ಕೂರುತ್ತಿದ್ದಳು, ಸತ್ತ ನಂಜುಂಡನ ಹೆಂಡತಿ. ಅವಳಾಗಿಯೇ ಬಸ್ಸು ಹಿಡಿದು ಬರುತ್ತಿದ್ದಳು. ನಾನು ಮೇಲೆ ಬಂದಾಗಲೆಲ್ಲ ಇಬ್ಬರೂ ಎದ್ದು ನಿಲ್ಲುತ್ತಿದ್ದರು. ನನ್ನ ಕೈ ಖಾಲಿ ಎಂದು ಕಂಡಾಗ ಸೊಸೆ ಕುಸಿಯುತ್ತಿದ್ದಳು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

ಒಂದು ದಿನ ಅದು ಸಿಡಿಯಿತು. ಜಯಂತಿ ಎದ್ದು ಬಂದು ಅತ್ತೆಯ ಜುಟ್ಟಿಗೇ ಕೈ ಹಾಕಿದಳು. "ಸಿಗಬಾರ್ದು ಅಂತ ಹರಕೆ ಹೊತ್ತಿದ್ದೀಯಾ? ನನ್ ಗಂಡ ನಿನ್ ಹೊಟ್ಟೇಲಿ ಹುಟ್ಟಿರ್ಲಿಲ್ವಾ?" ಮಾದೇವಮ್ಮ ಅವಳ ಕೆನ್ನೆಗೆ ಬಾರಿಸಿದಳು. ಇಬ್ಬರೂ ಮರಳಿನ ಮೇಲೆ ಉರುಳಿದರು. ಬಳೆ ಒಡೆದು ಮುದುಕಿಯ ಮೊಣಕೈಯಲ್ಲಿ ರಕ್ತ ಬಂತು. ಇಬ್ಬರು ಪೇದೆಗಳು ಸೇರಿ ಬಿಡಿಸಬೇಕಾಯಿತು. ಬಿಡಿಸಿದ ಮೇಲೂ ಸೊಸೆ ಒದೆಯುತ್ತಲೇ ಇದ್ದಳು. ಮಹೇಶ ಜೀಪಿನೊಳಗಿಂದ ನೋಡುತ್ತಿದ್ದ.

ಆ ಸಂಜೆ ನಾನು ಸೂಟು ಹಿಂಡುತ್ತಿದ್ದಾಗ ಮಾದೇವಮ್ಮ ಹತ್ತಿರ ಬಂದಳು. ಕಾಲಿಗೆ ಬೀಳಲು ಬಗ್ಗಿದಳು. ನಾನು ಹಿಂದೆ ಸರಿದೆ.

"ಅಣ್ಣ, ನಿಮಗೆ ಸಿಕ್ರೂ ಅಲ್ಲೇ ಬುಟ್ಬುಡಿ. ದೊಡ್ಡವನು ವೋದ. ಇವನ್ನೂ ಕಿತ್ಕೊಂಡ್ರೆ ನಾನ್ ಯಾರಿಗೆ ಅನ್ನ ಮಾಡ್ಲಿ?"

"ಏನಮ್ಮ ಮಾತಾಡ್ತಾ ಇದ್ದೀರಿ? ಸತ್ತವನೂ ನಿಮ್ಮ ಮಗ ಅಲ್ವಾ? ಆ ಹುಡುಗಿ ಮುಖ ನೋಡಿದ್ದೀರಾ?" ಎಂದು ಕೂಗಿದೆ. ನನ್ನ ಗಂಟಲು ದೊಡ್ಡದು, ಎದುರು ದಡಕ್ಕೂ ಕೇಳಿರಬೇಕು.

"ನೋಡಿದ್ದೀನಿ ಕಣಪ್ಪ. ದಿನಾ ಒಂದೇ ಮನೇಲಿ ಮಲಗ್ತೀವಿ" ಎಂದಳು. ಅವಳು ಮೆಟ್ಟಿಲು ಹತ್ತಿ ಹೋಗುವುದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಯಾರ ಮೇಲೆಂದು ತಿಳಿಯಲಿಲ್ಲ.

ನಿಜ ಹೇಳಬೇಕೆಂದರೆ ಅವತ್ತು ಈ ಕೆಲಸ ಸಾಕು ಎನಿಸಿತ್ತು. ಆ ಯೋಚನೆ ಕೆಡಿಸಿದವರು ಮಹೇಶನ ಸ್ನೇಹಿತರು. ಹೆಬ್ಬಾಳದಲ್ಲಿ ಶಿಫ್ಟು ಮುಗಿಸಿ ಹೊರಟಾಗ ಮೂವರು ನನ್ನ ಸ್ಕೂಟರಿಗೆ ಬೈಕು ಅಡ್ಡ ಹಾಕಿದರು. ಬಸ್ಸಿಗೆ ಕಾದಿದ್ದ ಕಾರ್ಮಿಕರೆಲ್ಲ ನೋಡುತ್ತಿದ್ದರು. "ಮೀನು ಹಿಡಿಯೋದ್ ನಿಲ್ಸು" ಎಂದ ಒಬ್ಬ. ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ ನನ್ನದೇ ಹೆಲ್ಮೆಟ್ಟು ಕಿತ್ತು ಹುಬ್ಬಿಗೆ ಬಾರಿಸಿದ. ಕಣ್ಣಿಗೆ ರಕ್ತ ಇಳಿಯಿತು. ಕೈಗೆ ಸಿಕ್ಕವನ ಕತ್ತಿನ ಪಟ್ಟಿ ಹಿಡಿದು ಮೂಗಿಗೆ ಹಣೆಯಿಂದ ಗುದ್ದಿದೆ. ಮೂಗು ಮುರಿದದ್ದು ಕೇಳಿಸಿತು, ಖುಷಿಯಾಯಿತು. ಉಳಿದವರು ಕೆಡವಿ ಪಕ್ಕೆಗೆ ಒದ್ದು, ಜನ ಓಡಿ ಬರುವಷ್ಟರಲ್ಲಿ ಪರಾರಿಯಾದರು.

ಹೊಲಿಗೆ ಹಾಕಿಸಿಕೊಂಡು ಬಂದ ನನ್ನನ್ನು ನೋಡಿ ಹೆಂಡತಿ ಅತ್ತಳು. "ನಿಮಗ್ಯಾಕ್ರೀ ಬೇಕು ಊರ ಉಸಾಬರಿ? ಬಿಟ್ಬಿಡಿ" ಎಂದಳು. ಮಚ್ಚು ಸಿಗುವ ತನಕ ನದಿ ಬಿಟ್ಟು ಏಳುವುದಿಲ್ಲ ಎಂದೆ. ನ್ಯಾಯ ಗೀಯ ಎಲ್ಲ ಹಿಂದೆ ಸರಿದಿತ್ತು. ಹೊಡೆದವರ ಮುಂದೆ ಸೋಲಬಾರದು, ಅಷ್ಟೇ. ಕೋಟೆಗೆ ನುಗ್ಗಿದವರೂ ಕಾದವರೂ ಕೊನೆಗೆ ಇಂಥದ್ದಕ್ಕೇ ಹೊಡೆದಾಡಿ ಸತ್ತಿರಬೇಕು ಎಂದು ನನಗೆ ಈಗ ಅನ್ನಿಸುತ್ತದೆ.

ಮುಂಗಾರು ಬೇಗ ಹಿಡಿಯಿತು. ಕೊಡಗಿನಲ್ಲಿ ಜೋರು ಮಳೆ, ನೀರು ಬಿಡುವ ಎಚ್ಚರಿಕೆ ಬಂದಿದೆ ಎಂದು ಸಿದ್ದಯ್ಯ ಹೇಳಿದ. ಹಾಗಾಗಿ ಅದೇ ಕೊನೆಯ ಮುಳುಗು. ಬೆಳಿಗ್ಗೆಯೇ ಮಹೇಶನನ್ನು ಕರೆತಂದರು. ಹೊಡೆತಕ್ಕೆ ಕಾಲು ಊರಲಾಗುತ್ತಿರಲಿಲ್ಲ. ಇನ್ಸ್‌ಪೆಕ್ಟರು ಲಾಠಿ ಎತ್ತಿದ ಕೂಡಲೇ ಅವನು ಕುಕ್ಕರಿಸಿ ಕೂತು, ಕೋಟೆಯ ಮುರಿದ ಗೋಡೆಯ ಬುಡಕ್ಕೆ ಕೈ ತೋರಿಸಿದ. ಸುಳ್ಳು ಜಾಗ ತೋರಿಸುವಾಗಲೆಲ್ಲ ತಾಯಿಯ ಮುಖ ನೋಡುತ್ತಿದ್ದವನು ಈ ಸಲ ಅವಳ ಕಡೆ ನೋಡಲಿಲ್ಲ. ಅದರಿಂದಲೇ ನನಗೆ ಇದು ನಿಜವಾದ ಜಾಗ ಎಂದು ಹೊಳೆಯಿತು.

ನೀರು ಆಗಲೇ ಬದಲಾಗಿತ್ತು. ತಣ್ಣಗೆ, ಕೆಂಪಗೆ, ಒಳಗೊಳಗೇ ತಳ್ಳುತ್ತಿತ್ತು. ಇಳಿದ ಕೂಡಲೇ ಬಂಡೆಗೆ ಬಡಿದು ಒದೆ ತಿಂದಿದ್ದ ಪಕ್ಕೆಯಲ್ಲೇ ನೋವು ಹೊತ್ತಿತು. ಒಂದು ಕೈಯಲ್ಲಿ ಕಲ್ಲು ಹಿಡಿದುಕೊಳ್ಳದೆ ನಿಲ್ಲುವಂತಿರಲಿಲ್ಲ. ಇನ್ನೊಂದು ಕೈಯಲ್ಲಿ ಸಂದಿ ಸಂದಿ ತಡಕಿದೆ. ಮೇಲಿನಿಂದ ಸಿದ್ದಯ್ಯ ಹಗ್ಗ ಜಗ್ಗಿದ, ಬಾ ಎಂದು. ಬರಲಿಲ್ಲ. ಮತ್ತೆ ಜಗ್ಗಿದ. ಮರದ ದಿಮ್ಮಿಯೊಂದು ಉರುಳಿ ಬಂದು ಸಿಲಿಂಡರಿಗೆ ಢಣಾರೆಂದು ಹೊಡೆದು ನನ್ನನ್ನು ಬೋರಲು ಕೆಡವಿತು. ಬಿದ್ದಲ್ಲೇ ಅಂಗೈಯ ಕೆಳಗೆ ಕೊಳೆತ ಗೋಣಿಯ ನಾರು ಸಿಕ್ಕಿತು. ಅದರೊಳಗೆ ಚಪ್ಪಟೆ ಕಬ್ಬಿಣ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ನೀರಿನಲ್ಲೇ ಕೂಗಿದೆ. ಬಾಯಿ ತುಂಬ ಕೆಸರು ನುಗ್ಗಿತು.

ಮೇಲೆ ಬಂದು ಮಚ್ಚೆತ್ತಿ ತೋರಿಸಿದಾಗ ಜಯಂತಿ ಚೀರಿದಳು. ಸಿದ್ದಯ್ಯ ನನ್ನನ್ನು ಎಳೆದು ದಡಕ್ಕೆ ಹಾಕಿದ. ಮಹೇಶ ಕಣ್ಣು ಮುಚ್ಚಿಕೊಂಡ.

ಮಚ್ಚನ್ನು ಹಳೆಯ ಪೇಪರಿನ ಮೇಲೆ ಮಲಗಿಸಿದರು. ತುಕ್ಕು ಹತ್ತಿತ್ತು, ಹಿಡಿಗೆ ಪಾಚಿ ಕಟ್ಟಿತ್ತು. ಸಾಕ್ಷಿ ಹಾಕುವ ಪಂಚರೆಂದು ಟೀ ಅಂಗಡಿಯವನನ್ನೂ ಹೂ ಮಾರುವವನನ್ನೂ ನಿಲ್ಲಿಸಿದ್ದರು. ಠಾಣೆಯ ರೈಟರು ರಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಪೆನ್ನು ಬಿಚ್ಚಿದ. ಮಾದೇವಮ್ಮನನ್ನು ಮುಂದೆ ಕೂರಿಸಿದರು.

"ನೋಡಮ್ಮ. ಇದು ನಿನ್ ಮಚ್ಚೇನಾ?"

ಅವಳು ತುಂಬ ಹೊತ್ತು ನೋಡಿದಳು. "ನಂದಲ್ಲ."

"ಸರಿಯಾಗಿ ನೋಡು."

"ನೋಡ್ದೆ ಕಣ್ರಪ್ಪ. ನಮ್ದು ಇಂಗಿರ್ಲಿಲ್ಲ. ಇದ್ ಯಾರ್ದೋ."

ದನಿ ಸ್ವಲ್ಪವೂ ನಡುಗಲಿಲ್ಲ. ಅಷ್ಟು ದಿನ ದಡದಲ್ಲಿ ಕೂತು ಆ ಮಾತನ್ನು ಅರೆದು ನುಣ್ಣಗೆ ಮಾಡಿಟ್ಟುಕೊಂಡಿದ್ದಳು. ಇನ್ಸ್‌ಪೆಕ್ಟರು ಬೈದರು, ಸುಳ್ಳು ಹೇಳಿದರೆ ನಿನ್ನನ್ನೂ ಒಳಗೆ ಹಾಕುತ್ತೇನೆಂದರು. ಹಾಕಿ ಎಂದಳು. ಅಷ್ಟರಲ್ಲಿ ಜಯಂತಿ "ಸುಳ್ಳಿ! ನಿನ್ ಬಾಯಿಗೆ ಮಣ್ ಹಾಕ!" ಎಂದು ಹಾರಿ ಬಂದಳು. ಅವಳನ್ನು ತಡೆಯಲು ಪೇದೆಯೊಬ್ಬ ಹಿಂದಕ್ಕೆ ಹೆಜ್ಜೆಯಿಟ್ಟ. ಅವನ ಬೂಟುಗಾಲು ಮಚ್ಚಿನ ಮೇಲೆ ಬಿತ್ತು. ಪೇಪರು ಹರಿದು ಮಚ್ಚು ಕೆಸರಿಗಿಳಿಯಿತು.

"ಅಯ್ಯೋ ತುಳೀಬ್ಯಾಡ್ರೋ!" ಎಂದು ಮಾದೇವಮ್ಮ ಕಿರುಚಿದಳು. ಎರಡೂ ಕೈಯಿಂದ ಪೇದೆಯ ಕಾಲನ್ನು ತಳ್ಳಿದಳು. ಅವನು ದೊಪ್ಪನೆ ಬಿದ್ದ. "ಬೂಟ್ನಲ್ ತುಳೀತೀಯಲ್ಲೋ, ನಮಗ್ ಅನ್ನ ಹಾಕಿದ್ದು ಕಣೋ ಅದು! ನನ್ ಮಕ್ಳ ಸಾಕಿದ್ದು!"

ಮಚ್ಚನ್ನೆತ್ತಿ ಸೆರಗಿನಲ್ಲಿ ಒರೆಸಿದಳು. ಕಣ್ಣಿಗೊತ್ತಿಕೊಂಡಳು, ಬಲಗಣ್ಣಿಗೊಮ್ಮೆ, ಎಡಗಣ್ಣಿಗೊಮ್ಮೆ. ರೆಪ್ಪೆಗೆ ತುಕ್ಕಿನ ಕೆಸರು ಅಂಟಿತು.

ಜಯಂತಿ ನಿಂತಲ್ಲೇ ನಿಂತಳು. ಇನ್ಸ್‌ಪೆಕ್ಟರು ತಗ್ಗಿದ ದನಿಯಲ್ಲಿ "ಬರ್ಕೊಳ್ರೀ" ಎಂದರು.

ಆಗ ಅವಳಿಗೆ ತಿಳಿಯಿತು. ಮಚ್ಚನ್ನು ಎದೆಗವಚಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದಳು. "ನಾನೇನಂದೆ? ನಾನೇನೂ ಅನ್ಲಿಲ್ಲ. ನಂದಲ್ಲ ಅಂದೆ, ಅಷ್ಟೇಯ."

"ಬುಡವ್ವ" ಎಂದ ಮಹೇಶ, ಕೂತಲ್ಲಿಂದಲೇ.

ಅವಳು ಎದ್ದು ಹೋಗಿ ಅವನ ಬಾಯಿಯ ಮೇಲೆ ಹೊಡೆದಳು. ಗಂಟುಗಟ್ಟಿದ ಕೈ, ತುಟಿ ಒಡೆಯಿತು. "ಬಾಯ್ ಮುಚ್ಚು! ನಾನೇನೂ ಅಂದಿಲ್ಲ ಅಂತಿಲ್ವಾ!" ಮತ್ತೆ ಹೊಡೆದಳು. ಕೋಳ ಹಾಕಿದ ಕೈಗಳನ್ನು ಅವನು ಅಡ್ಡ ತರಲಿಲ್ಲ. ಪೇದೆಗಳು ಅವಳ ತೋಳು ಹಿಡಿದರು, ಮಚ್ಚು ಕಿತ್ತುಕೊಂಡರು. ಅವಳು ಟೀ ಅಂಗಡಿಯವನನ್ನು ಕೇಳಿದಳು, ಹೂವಿನವನನ್ನು ಕೇಳಿದಳು. ಅವರು ನೆಲ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿದಳು.

"ಅಣ್ಣ, ನೀವ್ ಇಲ್ಲೇ ಇದ್ರಲ್ಲ. ನಾನ್ ಏನಾರ ಅಂದ್ನಾ? ನೀವಾರ ಯೋಳಿ."

ನಾನು ಸಿಲಿಂಡರ್ ಸಮೇತ ಮರಳಿನ ಮೇಲೆ ಬಿದ್ದಿದ್ದೆ. ಹುಬ್ಬಿನ ಹೊಲಿಗೆ ಬಿಚ್ಚಿ ರಕ್ತ ಒಸರುತ್ತಿತ್ತು.

"ಇಲ್ಲ ಕಣವ್ವ, ನೀವೇನೂ ಅನ್ನಲಿಲ್ಲ" ಎಂದೆ.

ರೈಟರು ಬರೆಯುತ್ತಲೇ ಇದ್ದ.